ಗಿಡ್ಡದವರಿಗೂ ಎತ್ತರದವರಿಗೂ ಒಪ್ಪುವ ಅಂಗಿ: ಕಲಿ, ಬಗಲು, ಉರೇಬಿನ ಕಥೆ

ಈದ್ ರಜೆ ಮುಗಿಸಿ ಬಂದ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಬ್ಬದ ದಿನ ಹೊಸ ಕುರ್ತಾ ಹಾಕಿಕೊಳ್ಳಲೇ ಇಲ್ಲವಂತೆ. ಯಾಕಮ್ಮಾ ಅಂದೆ. ಎಲ್ ಸೈಜ್ ತಂದರೆ ಸೊಂಟದ ಕೆಳಗೆ ಹಿಡಿಯುತ್ತೆ, ಎಕ್ಸೆಲ್ ತಂದರೆ ಭುಜ ಜಾರುತ್ತೆ. "ಟೀಚರ್, ನನ್ನ ಬಾಡಿ ಶೇಪೇ ಸರಿ ಇಲ್ಲ" ಅಂದಳು. ಅವತ್ತು ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಇತಿಹಾಸ ಪಾಠ ಮಾಡುವವಳು ನಾನು. ಅವಳಿಗೆ ಕೊಡಬೇಕಾಗಿದ್ದ ಉತ್ತರ ಇತಿಹಾಸದಲ್ಲೇ ಇತ್ತು.

ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯನ್ನು ನೀವು ಯುದ್ಧ, ಕಂದಾಯಕ್ಕಾಗಿ ಓದಿರುತ್ತೀರಿ. ಅದರಲ್ಲಿ ಬಾದಶಹನ ಬಟ್ಟೆಯ ಕೋಠಿಯ ವಿವರವೂ ಇದೆ. ಪ್ರತಿ ಋತುವಿಗೆ 1000 ಉಡುಪು ಹೊಲಿಸುತ್ತಿದ್ದರು, 120 ಸದಾ ಸಿದ್ಧವಾಗಿರುತ್ತಿದ್ದವು. ಅಕ್ಬರ್ ಜಾಮಾಕ್ಕೆ 'ಸರ್ಬಗಾತಿ', ಅಂದರೆ ಮೈಯೆಲ್ಲ ಮುಚ್ಚುವುದು, ಎಂದು ದೇಸಿ ಹೆಸರಿಟ್ಟ. ಸೀಳು ಅಂಚಿದ್ದ ತಕೌಚಿಯಾ ಎಂಬ ಅಂಗಿಗೆ ಸುತ್ತು ಘೇರ್ ಕೊಡಿಸಿ, ಎಡಕ್ಕೆ ಕಟ್ಟುತ್ತಿದ್ದುದನ್ನು ಬಲಕ್ಕೆ ಕಟ್ಟಿಸಿದ. ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು ಬೇರೆ ಮಾತು. ಬಾದಶಹನ ಬಟ್ಟೆ ಎತ್ತರದವರಿಗೂ ಗಿಡ್ಡದವರಿಗೂ ಒಪ್ಪುತ್ತದೆ, ಇದು ಹೇಗೆಂದು ಜನ ಬೆರಗಾಗಿದ್ದಾರೆ ಅನ್ನುತ್ತಾನೆ ಅಬುಲ್ ಫಜಲ್. ಅವನು ಅದನ್ನು ಬಾದಶಹನ ಶುಭಲಕ್ಷಣದ ಲೆಕ್ಕಕ್ಕೆ ಬರೆದ. ನಾನಾದರೆ ದರ್ಜಿಯ ಲೆಕ್ಕಕ್ಕೆ ಬರೆಯುತ್ತಿದ್ದೆ!

ಯಾಕೆಂದರೆ ಜಾಮಾಕ್ಕೆ ಗುಂಡಿಯಿಲ್ಲ, ಲಾಡಿ ಉಂಟು. ದಪ್ಪಗಿದ್ದವರು ಸಡಿಲ ಕಟ್ಟಿದರು, ತೆಳ್ಳಗಿದ್ದವರು ಎಳೆದು ಕಟ್ಟಿದರು. ತೋಳು ಕೈಗಿಂತ ಉದ್ದ, ಹೆಚ್ಚಾದದ್ದು ಮಣಿಕಟ್ಟಿನ ಮೇಲೆ ನೆರಿಗೆಯಾಗಿ ಕೂರುತ್ತೆ. ಅಳತೆ ಮನುಷ್ಯನ ಮೇಲೆ ಬೀಳುವುದಿಲ್ಲ, ಬಟ್ಟೆಯೇ ಮನುಷ್ಯನಿಗೆ ಹೊಂದಿಕೊಳ್ಳುತ್ತೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಲಿದ ಬಟ್ಟೆ ಈ ದೇಶಕ್ಕೆ ಮುಸ್ಲಿಮರ ಜೊತೆಗೇ ಬಂತು ಅನ್ನುವವರಿದ್ದಾರೆ. ನಮ್ಮವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ಬೇರೆಯವರು ದೂರಿನ ದನಿಯಲ್ಲಿ ಹೇಳುತ್ತಾರೆ. ಎರಡೂ ತಪ್ಪು. ಮಥುರಾದ ಮ್ಯೂಸಿಯಮ್ಮಿನಲ್ಲಿ ತಲೆಯಿಲ್ಲದ ಕನಿಷ್ಕನ ಮೂರ್ತಿ ನೋಡಿ, ಉದ್ದ ಕೋಟು, ಬೂಟು. ಕಲ್ಯಾಣದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಹೆಸರೇ ಹೇಳುತ್ತೆ. ನಮ್ಮ ಜೊತೆ ಬಂದದ್ದು ಹೊಲಿಗೆಯಲ್ಲ, ಹೊಲಿಗೆಯ ಕೆಲವು ಜಾಣತನ ಮತ್ತು ಒಂದು ಬುಟ್ಟಿ ಪದಗಳು. ದರ್ಜಿ ಫಾರಸಿಯ 'ದರ್ಜ್' ಅಂದರೆ ಹೊಲಿಗೆ ಗೆರೆಯಿಂದ ಬಂದದ್ದು. ಜೇಬು, ಇಜಾರ, ಪೈಜಾಮ ಇವನ್ನೆಲ್ಲ ಕನ್ನಡ ತನ್ನದೇ ಮಾಡಿಕೊಂಡಿದೆ.

ಈಗ ಆ ಜಾಣತನಕ್ಕೆ ಬನ್ನಿ. ಕಲಬುರ್ಗಿಯಲ್ಲಿ ನನ್ನ ನಾನಿ ಕುರ್ತಾ ಕತ್ತರಿಸುವಾಗ ಚೂರು ಬಟ್ಟೆಯೂ ನೆಲಕ್ಕೆ ಬೀಳುತ್ತಿರಲಿಲ್ಲ. ನಡುವೆ ನೇರವಾದ ಒಂದು ಪಟ್ಟಿ, ಭುಜದ ಮೇಲೆ ಮಡಚಿ ಹಿಂದಕ್ಕೆ ಹೋಗುತ್ತೆ, ಭುಜಕ್ಕೆ ಹೊಲಿಗೆಯೇ ಇಲ್ಲ. ಎರಡೂ ಬದಿಗೆ ಕಲಿ. ಉದ್ದ ಚೌಕದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಒಂದು ತುಂಡನ್ನು ತಿರುಗಿಸಿಟ್ಟರೆ ಮೇಲೆ ಕಿರಿದು ಕೆಳಗೆ ಅಗಲವಾದ ಎರಡು ಕಲಿ ಸಿಕ್ಕವು. ಕಂಕುಳಿಗೆ ಚೌಕದ ಸಣ್ಣ ತುಂಡು, ಅದೇ ಚೌಬಗಲಾ. ಅದಿದ್ದರೆ ನೀವು ಕೈ ಎತ್ತಿ ಬೋರ್ಡಿನ ಮೇಲೆ ಬರೆದರೂ ಕುರ್ತಾ ಮೇಲೇಳುವುದಿಲ್ಲ. ಈಗಿನ ಗುಂಡು ಕಂಕುಳ ಕಟಿಂಗಿನಲ್ಲಿ ಇಡೀ ಕುರ್ತಾ ಕೈಯ ಹಿಂದೆ ಹೋಗುತ್ತೆ, ಟೀಚರುಗಳಿಗೆ ಗೊತ್ತು ಆ ಪಾಡು.

ನನ್ನ ಹುಡುಗಿಯ ಕಷ್ಟ ಇಲ್ಲೇ ಬಿಡಿಸಿದಂತಾಯಿತು. ಭುಜದ ಅಳತೆ ನಡುಪಟ್ಟಿಯದು, ಸೊಂಟದ ಕೆಳಗಿನ ಅಳತೆ ಕಲಿಯದು. ಒಂದಕ್ಕಾಗಿ ಇನ್ನೊಂದನ್ನು ಕೆಡಿಸಬೇಕಿಲ್ಲ. ಗಿಡ್ಡಗಿದ್ದವರಿಗೆ ಅಗಲವಾದ ಎರಡು ಕಲಿಗಿಂತ ಕಿರಿದಾದ ನಾಲ್ಕಾರು ಕಲಿ ಒಳ್ಳೆಯದು; ಮೇಲಿಂದ ಕೆಳಗೆ ಇಳಿಯುವ ಹೊಲಿಗೆ ಗೆರೆಗಳು ಕಣ್ಣಿಗೆ ಎತ್ತರ ಕೊಡುತ್ತವೆ. ಆದರೆ ಅಂಚಿಗೆ ದೊಡ್ಡ ಗೋಟ ಹಾಕಿಸಿದಿರೋ, ಆ ಎತ್ತರ ಅಲ್ಲೇ ಮುರಿಯಿತು. ಭುಜ ಅಗಲವಿದ್ದವರಿಗೆ ಅಂಗರಖಾದ ಓರೆ ಎದೆ ಒಪ್ಪುತ್ತೆ. ಹೊಟ್ಟೆ ಇದ್ದವರಿಗೆ ಎದೆಯ ಕೆಳಗಿಂದ ಘೇರ್ ಬಿಡುವ ಅನಾರ್ಕಲಿ, 1960ರ 'ಮುಘಲ್-ಎ-ಆಜಂ' ಹೆಸರು ಎಲ್ಲರ ಬಾಯಲ್ಲಿರುವಂತೆ ಮಾಡಿತಲ್ಲ, ಅದು. ಅದರ ಗೆರೆಯನ್ನು ತೀರಾ ಮೇಲಿಡಿಸಬೇಡಿ, ನೆಂಟರು "ಎಷ್ಟನೇ ತಿಂಗಳು" ಅಂತ ಕೇಳುತ್ತಾರೆ.

ಚೂಡಿದಾರ್ ಇನ್ನೂ ಸೋಜಿಗ. ನೇರ ಎಳೆಯಲ್ಲಿ ಕತ್ತರಿಸಿದರೆ ಹಿಮ್ಮಡಿ ದಾಟುವುದಿಲ್ಲ, ಕೂತರೆ ಮೊಣಕಾಲಲ್ಲಿ ಬಿರಿಯುತ್ತೆ. ಅದಕ್ಕೇ ಬಟ್ಟೆಯನ್ನು ಓರೆಯಾಗಿ ಥೈಲಿಯಂತೆ ಹೊಲಿದು ಆಮೇಲೆ ಕತ್ತರಿಸುತ್ತಿದ್ದರು. ಇದೇ ಉರೇಬ್. ಓರೆ ಎಳೆ ರಬ್ಬರಿನಂತೆ ಹಿಗ್ಗಿ ಕಾಲನ್ನು ಹಿಡಿಯುತ್ತೆ. ಫ್ಯಾಷನ್ ಪುಸ್ತಕಗಳಲ್ಲಿ ಓರೆ ಕಟಿಂಗ್ ಅಂದರೆ 1920–30ರ ದಶಕದ ಪ್ಯಾರಿಸಿನ ಮದ್ಲೇನ್ ವಿಯೊನೆ ಹೆಸರು ಬರುತ್ತೆ. ಆಕೆ ದೊಡ್ಡ ಕಲಾವಿದೆ, ಸಂಶಯವಿಲ್ಲ. ನಮ್ಮ ದರ್ಜಿಗಳು ಅದಕ್ಕೂ ಮುಂಚೆಯೇ ಅದನ್ನು ಕಾಲಿಗೆ ಹೊಲಿಯುತ್ತಿದ್ದರು ಅನ್ನುವ ಒಂದು ಸಾಲಾದರೂ ಇರಬೇಕಿತ್ತು. ಹೈದರಾಬಾದ್, ಬೀದರ್, ಕಲಬುರ್ಗಿಯ ಮದುಮಗಳು 6 ಗಜದ ಖಡಾ ದುಪಟ್ಟಾದ ಕೆಳಗೆ ಹಾಕುವುದೂ ಇದನ್ನೇ.

ಹಾಗಾದರೆ ಇದೆಲ್ಲ ಯಾಕೆ ಹೋಯಿತು? ಮಗ್ಗದ ಬಟ್ಟೆ ಅಗಲ ಕಡಿಮೆ, ಅದಕ್ಕೇ ಪಟ್ಟಿ, ಕಲಿ. ಮಿಲ್ಲಿನ ಅಗಲ ಬಟ್ಟೆ ಅಗ್ಗವಾದ ಮೇಲೆ ಗುಂಡಗೆ ಕತ್ತರಿಸಿ ಚೂರು ಬಿಸಾಡುವುದು ಭಾರವೆನಿಸಲಿಲ್ಲ. ಒಂದೊಂದು ಕಲಿಯೂ ಒಂದೊಂದು ಉದ್ದ ಹೊಲಿಗೆ, ಅಂದರೆ ಕೂಲಿ. ಆಮೇಲೆ ರೆಡಿಮೇಡ್, ಅದರ ಜೊತೆ ಸೈಜ್ ಚೀಟಿ. ಆ ಚೀಟಿಗೂ ಒಂದು ಇತಿಹಾಸವಿದೆ. 1939–40ರಲ್ಲಿ ಅಮೆರಿಕ ಸರ್ಕಾರದ ಒಂದು ಸಮೀಕ್ಷೆ ಸುಮಾರು 15,000 ಹೆಂಗಸರ ಅಳತೆ ತೆಗೆಯಿತು, ಪ್ರತಿಯೊಬ್ಬರಿಗೆ 59 ಅಳತೆ. ಲೆಕ್ಕಕ್ಕೆ ಹಿಡಿದದ್ದು ಬಿಳಿಯರನ್ನು ಮಾತ್ರ. ನಮ್ಮ ಅಂಗಡಿಗಳು ಬಹುಕಾಲ ಅಮೆರಿಕ, ಬ್ರಿಟನ್ನಿನ ಸೈಜುಗಳನ್ನೇ ಅಷ್ಟಿಷ್ಟು ತಿದ್ದಿ ನಡೆಸಿದವು. ಭಾರತದ ಮೈಗೆ ಭಾರತದ ಅಳತೆ ಬೇಕೆಂದು 25,000 ಜನರನ್ನು ಅಳೆಯುವ ಯೋಜನೆ ಶುರುವಾದದ್ದು ಮೊನ್ನೆ ಮೊನ್ನೆ. ಸರಿ ಇಲ್ಲದ್ದು ಯಾರ ಶೇಪು, ಹೇಳಿ?

ಆ ಎಲ್ ಸೈಜ್ ಕುರ್ತಾ ಈಗ ನನ್ನ ಮನೆಯಲ್ಲಿದೆ. ಬದಿ ಹೊಲಿಗೆ ಬಿಚ್ಚಿ, ದುಪಟ್ಟಾದ ತುದಿಯಿಂದ ಎರಡು ಕಲಿ ತೆಗೆದು ಸೇರಿಸಿದ್ದೇನೆ. ಬಣ್ಣ ಚೂರು ಬೇರೆ, ಆದರೂ ಬೇಕೆಂದೇ ಮಾಡಿದಂತೆ ಕಾಣುತ್ತೆ. ಬಗಲಿನ ಚೌಕ ಒಂದು ಬಾಕಿ. ಅದನ್ನು ಭಾನುವಾರ ಅವಳ ಕೈಯಲ್ಲೇ ಹೊಲಿಸುತ್ತೇನೆ.