ಅಣುವಿನ ಕಿರ್ದಿ-ಖತಾವಣಿ

ಸಂಜೆಯ ಶಿಲ್ಕು ತಾಳೆಯಾಗದಿದ್ದರೆ ಬ್ಯಾಂಕಿನ ಗುಮಾಸ್ತರಾದ ನಮಗೆ ರಾತ್ರಿಯ ಊಟ ರುಚಿಸದು. ಒಂದು ರೂಪಾಯಿ ಕಡಿಮೆ ಬಂದರೂ ತಪ್ಪೇ, ಹೆಚ್ಚು ಬಂದರೂ ತಪ್ಪೇ. ಯುರೇನಿಯಂ, ಪ್ಲುಟೋನಿಯಂಗಳಿಗೂ ಇದೇ ಬಗೆಯ ಲೆಕ್ಕವಿಡುವವರು ಇದ್ದಾರೆಂಬುದೂ, ಅವರದೇ ಒಂದು ಸಂಘವಿದೆಯೆಂಬುದೂ ನಮ್ಮ ವಾಚಕರಲ್ಲಿ ಹಲವರಿಗೆ ಹೊಸತಾಗಿ ತೋರೀತು. 1958ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ‘ಇನ್‌ಸ್ಟಿಟ್ಯೂಟ್ ಆಫ್ ನ್ಯೂಕ್ಲಿಯರ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್’ ಎಂಬುದೇ ಆ ಸಂಘ.

ಅದು ಹುಟ್ಟಿದ ಕಾಲವನ್ನು ನೋಡಬೇಕು. ಮಹಾಯುದ್ಧದ ದಿನಗಳಿಂದ ಅಣುವಸ್ತುಗಳೆಲ್ಲ ಅಲ್ಲಿಯ ಸರ್ಕಾರದ ಭದ್ರ ಕೋಠಿಯಲ್ಲಿದ್ದವು. 1953ರ ಡಿಸೆಂಬರ್ 8ರಂದು ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಅಣು’ ಎಂದು ಸಾರಿದರು. 1954ರ ಕಾನೂನು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಕೋಠಿಯ ಸಾಮಾನು ಕಾರ್ಖಾನೆಗಳಿಗೂ ವಿಶ್ವವಿದ್ಯಾಲಯಗಳಿಗೂ ಹೊರಟ ಮೇಲೆ, ಲೆಕ್ಕ ಇಡುವವರು ಒಟ್ಟಿಗೆ ಕುಳಿತು ವಿಚಾರ ವಿನಿಮಯ ಮಾಡಬೇಕಾಯಿತು.

ಲೆಕ್ಕದ ಸೂತ್ರವೇನೋ ನಮಗೆ ಪರಿಚಿತವೇ. ಆರಂಭದ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದರೆ ಅಖೈರು ಶಿಲ್ಕು. ಆದರೆ ನೋಟನ್ನು ಎಣಿಸಬಹುದು. ಯುರೇನಿಯಂ ಅನ್ನು ತೂಗಬೇಕು, ಅದರ ಶುದ್ಧಿಯನ್ನು ರಾಸಾಯನಿಕವಾಗಿ ಅಳೆಯಬೇಕು. ಕೊಳವೆಗಳಲ್ಲಿ ಒಂದಿಷ್ಟು ಅಂಟಿಕೊಳ್ಳುತ್ತದೆ, ತೊಳೆದ ನೀರಿನಲ್ಲಿ ಒಂದಿಷ್ಟು ಹೋಗುತ್ತದೆ, ಕಸದಲ್ಲಿ ಒಂದಿಷ್ಟು ಸೇರುತ್ತದೆ. ಆದ್ದರಿಂದ ಪುಸ್ತಕದ ಶಿಲ್ಕೂ ಕೈಯಲ್ಲಿರುವ ಶಿಲ್ಕೂ ಪೂರ್ತಿ ಕೂಡುವುದೇ ಅಪರೂಪ. ಆ ಅಂತರಕ್ಕೆ ‘ಲೆಕ್ಕಕ್ಕೆ ಸಿಗದ ವಸ್ತು’ ಎಂದೇ ಹೆಸರು. ಅದು ತಕ್ಕಡಿಯ ದೋಷವೋ, ಕಳ್ಳನ ಕೈಯೋ? ಇದನ್ನು ಹೇಳಲು ಗುಮಾಸ್ತನೊಬ್ಬನಿಂದಾಗದು. ರಸಾಯನಜ್ಞ, ಸಂಖ್ಯಾಶಾಸ್ತ್ರಜ್ಞ, ಕಾವಲಿನ ಅಧಿಕಾರಿ ಎಲ್ಲರೂ ಬೇಕು.

ಪೆನ್ಸಿಲ್ವೇನಿಯದ ಅಪೋಲೋ ಎಂಬ ಸಣ್ಣ ಊರಿನಲ್ಲಿ ಈ ಪ್ರಶ್ನೆ ಘೋರವಾಗಿ ಎದ್ದಿತು. ಅಲ್ಲಿಯ ಇಂಧನ ಕಾರ್ಖಾನೆಯ ದಾಸ್ತಾನನ್ನು 1965ರಲ್ಲಿ ಪರಿಶೀಲಿಸಿದಾಗ, ಬಾಂಬಿಗೆ ಒದಗುವಷ್ಟು ಸಂವರ್ಧಿತವಾದ ಯುರೇನಿಯಂನಲ್ಲಿ ಸುಮಾರು 90 ಕಿಲೋಗ್ರಾಂಗೆ ಲೆಕ್ಕವೇ ಸಿಗಲಿಲ್ಲ. ಇಸ್ರೇಲಿಗೆ ಸಾಗಿತೆಂಬ ಗುಮಾನಿ ಹುಟ್ಟಿತು, ಸಾಬೀತಾಗಲಿಲ್ಲ. ಮುಂದೆ ಕಾರ್ಖಾನೆಯನ್ನು ಕಳಚಿದಾಗ ಒಂದಷ್ಟು ಯುರೇನಿಯಂ ಅಲ್ಲಿಯೇ ದೊರೆಯಿತು.

ಬ್ಯಾಂಕಿನವರಾದ ನಮ್ಮ ಗಮನ ಸೆಳೆದುದು ಬೇರೊಂದು ಸಂಗತಿ. ವಸ್ತು ಬಹಳ ಬೆಲೆಯದು, ಕಳೆದರೆ ಕಂಪನಿಯೇ ಹಣ ತೆರಬೇಕು. ಆದ್ದರಿಂದ ಕಂಪನಿ ತಾನಾಗಿಯೇ ಜೋಪಾನ ಮಾಡೀತೆಂದು ಅಣುಶಕ್ತಿ ಆಯೋಗ ನಂಬಿತ್ತು. ಅಪೋಲೋದ ಕಂಪನಿ ಹಣ ಕಟ್ಟಿತು. ಲೆಕ್ಕ ಮಾತ್ರ ಸಿಗಲಿಲ್ಲ. ಬೆಲೆಯ ಲೆಕ್ಕ ಬೇರೆ, ಅಪಾಯದ ಲೆಕ್ಕ ಬೇರೆ. ಇದಾದ ಮೇಲೆ ಆಯೋಗವು ರಾಲ್ಫ್ ಲಂಬ್ ಅವರ ನೇತೃತ್ವದಲ್ಲಿ ಒಂದು ಸಮಿತಿ ನೇಮಿಸಿತು. 1967ರಲ್ಲಿ ಅದರ ವರದಿ ಬಂತು. ಈ ಲಂಬ್ ಮಹಾಶಯರು ಮೇಲೆ ಹೇಳಿದ ಸಂಘದ ಆರಂಭಕಾಲದ ಮುಂದಾಳುಗಳಲ್ಲೊಬ್ಬರು.

1970ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಜಾರಿಗೆ ಬಂದ ಮೇಲೆ ಈ ಲೆಕ್ಕ ವಿಯೆನ್ನಾದ ಅಂತರರಾಷ್ಟ್ರೀಯ ಸಂಸ್ಥೆಯ ದೊಡ್ಡ ಕಾಯಕವಾಯಿತು. ಅವರ ಮಾನದಂಡದಲ್ಲಿ 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿನ ಭಯ. ತಿಂಗಳ ಸಾಮಾನಿನಲ್ಲಿ ನಾವು ಅದಕ್ಕಿಂತ ಹೆಚ್ಚು ಅಕ್ಕಿ ತರುತ್ತೇವೆ! ಸಂಘವೂ ಅಮೇರಿಕೆ ದಾಟಿ ವಿಯೆನ್ನಾ, ಜಪಾನ್, ಕೊರಿಯಾಗಳಲ್ಲಿ ಶಾಖೆ ತೆರೆಯಿತು.

ನಮ್ಮ ದೇಶದ ಮಾತೇ ಬೇರೆ. ವಿಯೆನ್ನಾದ ಸಂಸ್ಥೆಯ ಸಂವಿಧಾನ ರಚನೆಯಾದ 1956ರಲ್ಲಿಯೇ ಹೋಮಿ ಭಾಭಾ ಅವರು ಅತಿಯಾದ ತಪಾಸಣೆಗೆ ಆಕ್ಷೇಪವೆತ್ತಿದ್ದರು. ಉಳ್ಳವರು ತಪಾಸಣೆಯಿಲ್ಲದೆ ಉಳಿದು, ಇಲ್ಲದವರು ಮಾತ್ರ ಲೆಕ್ಕ ಒಪ್ಪಿಸುವುದು ನ್ಯಾಯವೇ ಎಂಬ ಪ್ರಶ್ನೆ ನಮಗೂ ಸಹಜವೆನಿಸುತ್ತದೆ. ಭಾರತ 1970ರ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಅಮೇರಿಕೆಯ ನೆರವಿನಿಂದ ಎದ್ದು 1969ರಲ್ಲಿ ವಿದ್ಯುತ್ತು ಕೊಡತೊಡಗಿದ ತಾರಾಪುರದ ಮೊದಲ ಎರಡು ಸ್ಥಾವರಗಳಿಗೆ ಹೊರಗಿನ ತಪಾಸಣೆಗಾರರು ಬರುವುದುಂಟು. ಕಾಳೀ ನದಿಯ ದಂಡೆಯಲ್ಲಿರುವ ನಮ್ಮ ಕೈಗಾದ ನಾಲ್ಕು ಘಟಕಗಳನ್ನು ಮಾತ್ರ ಸರ್ಕಾರ ಆ ಪಟ್ಟಿಯಿಂದ ಹೊರಗಿರಿಸಿತು. ಅವುಗಳ ಕಿರ್ದಿಯನ್ನು ನಮ್ಮವರೇ ಬರೆದು ನಮ್ಮವರೇ ತಾಳೆ ನೋಡುತ್ತಾರೆ.