ಕಾಯಿನ್ ಬ್ಯಾಟರಿಗಳ ರೀಕಾಲ್

ಮಕ್ಕಳು ನುಂಗುವ ಅಪಾಯವಿದೆ ಎಂಬ ಕಾರಣಕ್ಕೆ ನಾಣ್ಯದಾಕಾರದ ಬ್ಯಾಟರಿಗಳನ್ನೋ ಅವನ್ನು ಬಳಸುವ ಸಾಮಾನುಗಳನ್ನೋ ಕಂಪನಿಗಳು ಮಾರುಕಟ್ಟೆಯಿಂದ ವಾಪಸ್ ಪಡೆಯುವುದಕ್ಕೆ ಕಾಯಿನ್ ಬ್ಯಾಟರಿ ರೀಕಾಲ್ ಎನ್ನುತ್ತಾರೆ. ಇಂಥ ಪ್ರಕಟಣೆಗಳಲ್ಲಿ ಒಂದು ವಿಚಿತ್ರವಿದೆ. ಬ್ಯಾಟರಿ ಕೆಟ್ಟಿರುವುದಿಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ತಕರಾರು ಇರುವುದು ಅದನ್ನು ಸುತ್ತಿಟ್ಟ ಪ್ಯಾಕೆಟ್ಟಿನ ಮೇಲೆ, ಇಲ್ಲವೇ ಅದರ ಮೇಲಿನ ಮುಚ್ಚಳದ ಮೇಲೆ. ಮುಚ್ಚಳ ಸುಲಭವಾಗಿ ಬಿಚ್ಚಿಕೊಳ್ಳುವುದೇ ದೋಷ ಎಂದು ಕಾನೂನು ಒಪ್ಪಲು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಗುಂಡಿ ಗಾತ್ರದ ಸೆಲ್‌ಗಳು ವಾಚು, ಕ್ಯಾಮೆರಾ, ಶ್ರವಣ ಸಾಧನಗಳ ಜೊತೆ ಮನೆ ಹೊಕ್ಕವು. ಅನ್ನನಾಳದಲ್ಲಿ ಸಿಕ್ಕಿಕೊಂಡ ಬ್ಯಾಟರಿಯಿಂದ ಮಗುವೊಂದು ಸತ್ತ ಪ್ರಕರಣ 1977ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. 1982ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಬ್ಯಾಟರಿ ನುಂಗಿದವರಿಗಾಗಿಯೇ ಒಂದು ಸಹಾಯವಾಣಿ ತೆರೆಯಿತು. ಆಗಿನ ದೊಡ್ಡ ಭಯ ಪಾದರಸದ್ದು. ಸೆಲ್ ಒಡೆದು ವಿಷ ಸೋರಿದರೆ ಗತಿಯೇನು ಎಂಬುದೇ ಚಿಂತೆ.

ನಿಜವಾದ ಅಪಾಯ ಬೇರೆಡೆ ಇತ್ತು. ಸೆಲ್ ಒಡೆಯಬೇಕಾಗಿಯೇ ಇಲ್ಲ. ಅನ್ನನಾಳದ ಒದ್ದೆ ಗೋಡೆ ಅದರ ಎರಡೂ ಧ್ರುವಗಳನ್ನು ತಾಗಿದ ಕೂಡಲೇ ವಿದ್ಯುತ್ ಹರಿಯತೊಡಗುತ್ತದೆ, ಋಣ ಧ್ರುವದ ಬಳಿ ಹೈಡ್ರಾಕ್ಸೈಡ್ ಉತ್ಪತ್ತಿಯಾಗಿ ತೀಕ್ಷ್ಣ ಕ್ಷಾರ ಅಂಗಾಂಶವನ್ನು ಸುಡುತ್ತದೆ. ಗಂಭೀರ ಗಾಯಕ್ಕೆ ಎರಡು ಗಂಟೆ ಸಾಕು. ಸಾಧನ ನಡೆಸಲಾರದಷ್ಟು ದುರ್ಬಲವಾಗಿ, ‘ಸತ್ತಿದೆ’ ಎಂದು ಮೇಜಿನ ಮೇಲೆ ಎಸೆದ ಸೆಲ್‌ನಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಬ್ಯಾಟರಿ ಹೊರತೆಗೆದ ಮೇಲೂ ಗಾಯ ಆಳಕ್ಕಿಳಿದು, ದಿನಗಳ ಅಥವಾ ವಾರಗಳ ನಂತರ ಪಕ್ಕದ ಮಹಾಪಧಮನಿಯನ್ನು ತೂತು ಮಾಡಿದ್ದುಂಟು. ಮಾತು ಬಾರದ ಮಗು ಏನನ್ನೂ ಹೇಳಲಾರದು. ಜೊಲ್ಲು, ಕೆಮ್ಮು, ವಾಂತಿ ನೋಡಿದವರಿಗೆ ನೆಗಡಿಯೋ ಅಜೀರ್ಣವೋ ಅನ್ನಿಸುತ್ತದೆ. ಎಕ್ಸ್‌ರೇಯಲ್ಲಿ ಕೂಡ ಅದು ನಾಣ್ಯದಂತೆಯೇ ಕಾಣುತ್ತದೆ, ಅಂಚಿನ ಜೋಡಿ ಉಂಗುರ ಗಮನಿಸಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಕೇಡು ಹೆಚ್ಚಿದ್ದು ಲಿಥಿಯಂ ಸೆಲ್‌ಗಳಿಂದ. ಇಂದು ಎಲ್ಲೆಡೆ ಸಿಗುವ ಸಿಆರ್2032 ಸೆಲ್‌ನ ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ವೋಲ್ಟೇಜು 3. ಹಳೆಯ ಪುಟ್ಟ ಸೆಲ್‌ಗಳು ಬಹುಮಟ್ಟಿಗೆ ಹೊಟ್ಟೆಗಿಳಿದು ಹೊರಹೋಗುತ್ತಿದ್ದವು. ಇದು ಎಳೆಯ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯದು, ವೋಲ್ಟೇಜು ಅವುಗಳ ಸುಮಾರು ಎರಡು ಪಟ್ಟು. ಟೋಬಿ ಲಿಟೊವಿಟ್ಸ್ ಮತ್ತು ಸಂಗಡಿಗರು 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1985ರಿಂದ 2009ರ ನಡುವೆ ಬ್ಯಾಟರಿ ನುಂಗಿದ ಪ್ರಕರಣಗಳಲ್ಲಿ ತೀವ್ರ ಹಾನಿ ಅಥವಾ ಸಾವಿನ ಪ್ರಮಾಣ 6.7 ಪಟ್ಟು ಏರಿತ್ತು. ಅದೇ ಅಧ್ಯಯನದ ಇನ್ನೊಂದು ಅಂಕಿ ಅಷ್ಟು ಸುದ್ದಿಯಾಗಲಿಲ್ಲ, ಆದರೆ ರೀಕಾಲ್‌ಗಳ ಮಟ್ಟಿಗೆ ಅದೇ ಮುಖ್ಯ. ಆರು ವರ್ಷದೊಳಗಿನ ಮಕ್ಕಳು ನುಂಗಿದ ಬ್ಯಾಟರಿಗಳಲ್ಲಿ ಶೇ. 61.8ರಷ್ಟು ನೇರವಾಗಿ ಸಾಧನದೊಳಗಿಂದಲೇ ಅವರ ಕೈಗೆ ಬಂದಿದ್ದವು. ಅಪ್ಪ ಅಮ್ಮ ಎಲ್ಲೋ ಬಿಟ್ಟ ಸೆಲ್ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಆಟಿಕೆಗಳ ಬ್ಯಾಟರಿ ಗೂಡಿಗೆ ಸ್ಕ್ರೂ ಬೇಕೆಂಬ ನಿಯಮ ಮೊದಲೇ ಇತ್ತು. ರಿಮೋಟು, ಅಡುಗೆಮನೆಯ ತಕ್ಕಡಿ, ಎಲ್‌ಇಡಿ ಮೇಣದಬತ್ತಿ ಆಟಿಕೆಗಳಲ್ಲವಲ್ಲ! ಮಗುವಿಗೆ ಮಾತ್ರ ಆ ಭೇದ ಗೊತ್ತಿಲ್ಲ.

ಈ ಕಂದಕವನ್ನು ಮೊದಲು ಕಡ್ಡಾಯ ಕಾನೂನಿನಿಂದ ಮುಚ್ಚಿದ್ದು ಆಸ್ಟ್ರೇಲಿಯಾ. 2020ರ ಡಿಸೆಂಬರಿನಲ್ಲಿ ರೂಪಿಸಿದ ಮಾನಕಗಳು 2022ರ ಜೂನ್ 22ರಿಂದ ಜಾರಿಗೆ ಬಂದವು. ದೊಡ್ಡ ಹೆಸರುಗಳಿಗೂ ಬಿಸಿ ತಟ್ಟಿತು. ಪರೀಕ್ಷೆ ಮಾಡಿಸದೆ, ಎಚ್ಚರಿಕೆಯ ಮಾಹಿತಿ ನೀಡದೆ ಕಾರಿನ ಕೀ ಫೋಬ್ ಮುಂತಾದವನ್ನು ಮಾರಿದ ಆರೋಪಕ್ಕೆ ಟೆಸ್ಲಾ 2023ರಲ್ಲಿ ಒಂದೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮಿಕ್ಕಿ ದಂಡ ತೆತ್ತಿತು.

ಅಮೆರಿಕದ ಕಾನೂನಿನ ಹಿಂದೆ ಒಂದು ಸಾವಿದೆ. ರಿಮೋಟಿನ ಬ್ಯಾಟರಿ ನುಂಗಿ 2020ರ ಡಿಸೆಂಬರಿನಲ್ಲಿ ತೀರಿಕೊಂಡ ಟೆಕ್ಸಸ್ಸಿನ ಹದಿನೆಂಟು ತಿಂಗಳ ಹೆಣ್ಣುಮಗುವಿನ ಹೆಸರಿನ ‘ರೀಸ್ ಕಾಯ್ದೆ’ಗೆ 2022ರ ಆಗಸ್ಟ್ 16ರಂದು ಸಹಿ ಬಿತ್ತು. ಗ್ರಾಹಕ ಉತ್ಪನ್ನಗಳ ಸುರಕ್ಷತಾ ಆಯೋಗದ ಲೆಕ್ಕದಲ್ಲಿ 2011ರಿಂದ 2021ರವರೆಗೆ ಇಂಥ ಬ್ಯಾಟರಿಗಳಿಂದ 27 ಸಾವುಗಳಾಗಿದ್ದವು, ತುರ್ತು ಚಿಕಿತ್ಸೆ ಪಡೆದವರು ಅಂದಾಜು 54,300. ಕಾಯ್ದೆಯ ಅನ್ವಯ ಬ್ಯಾಟರಿ ಗೂಡು ತೆರೆಯಲು ಸಲಕರಣೆ ಬೇಕು, ಇಲ್ಲವೇ ಎರಡು ಬೇರೆಬೇರೆ ಕೈಚಲನೆಗಳನ್ನು ಒಟ್ಟಿಗೇ ಮಾಡಬೇಕು. ಬಿಡಿ ಬ್ಯಾಟರಿಯ ಪ್ಯಾಕೆಟ್ಟಿಗೆ 1970ರ ವಿಷನಿರೋಧಕ ಪ್ಯಾಕಿಂಗ್ ಕಾಯ್ದೆಯ ಪರೀಕ್ಷೆ ಅನ್ವಯಿಸುತ್ತದೆ. ಈ ಪರೀಕ್ಷೆಯ ಪರಿ ಸ್ವಾರಸ್ಯಕರ: 42ರಿಂದ 51 ತಿಂಗಳ ಮಕ್ಕಳ ಕೈಗೆ ಪ್ಯಾಕೆಟ್ ಕೊಟ್ಟು ಐದು ನಿಮಿಷ ಬಿಡುತ್ತಾರೆ. ಆಮೇಲೆ ಬಿಚ್ಚುವ ಬಗೆಯನ್ನು ತಾವೇ ತೋರಿಸಿ, ಮತ್ತೆ ಐದು ನಿಮಿಷ ಕೊಡುತ್ತಾರೆ. ಅಷ್ಟಾದ ಮೇಲೂ ಕನಿಷ್ಠ ಶೇ. 80ರಷ್ಟು ಮಕ್ಕಳು ಸೋಲಬೇಕು, ಆದರೆ 50ರಿಂದ 70 ವರ್ಷದ ಹಿರಿಯರು ಗೆಲ್ಲಬೇಕು.

ರೀಕಾಲ್‌ನ ಸ್ವರೂಪವೇ ಇದರಿಂದ ಬದಲಾಯಿತು. ಮಾನಕ ಪಾಲಿಸಿಲ್ಲ ಎಂಬುದೇ ಈಗ ಸಾಕಷ್ಟು ಕಾರಣ, ಮಗುವೊಂದು ಆಸ್ಪತ್ರೆ ಸೇರುವವರೆಗೆ ಕಾಯಬೇಕಿಲ್ಲ. ‘ಯಾವುದೇ ಗಾಯ ವರದಿಯಾಗಿಲ್ಲ’ ಎಂಬ ಸಾಲು ಇತ್ತೀಚಿನ ಅನೇಕ ಪ್ರಕಟಣೆಗಳಲ್ಲಿ ಕಾಣುತ್ತದೆ.

ತಯಾರಕರು ಬೇರೆ ದಾರಿಯನ್ನೂ ಹಿಡಿದರು. ಡ್ಯುರಾಸೆಲ್ 2020ರಲ್ಲಿ ತನ್ನ ಲಿಥಿಯಂ ಕಾಯಿನ್ ಸೆಲ್‌ಗಳಿಗೆ ಬಿಟ್ರೆಕ್ಸ್ ಎಂಬ ಕಡುಕಹಿ ಲೇಪ ಬಳಿಯಿತು. ಬಾಯಿಗಿಟ್ಟ ಮಗು ಉಗುಳಲಿ ಎಂಬುದು ಆಸೆ. ಒಂದೇ ಗುಟುಕಿಗೆ ನುಂಗಿದರೆ ಕಹಿಗೆ ಅವಕಾಶವೆಲ್ಲಿ? ಲೇಪ ಹಚ್ಚಿದ ಸೆಲ್, ಕಳೆದ ವಸ್ತುಗಳನ್ನು ಹುಡುಕಿಕೊಡುವ ತನ್ನ ಪುಟ್ಟ ಸಾಧನ ಏರ್‌ಟ್ಯಾಗ್‌ನಲ್ಲಿ ಕೆಲಸ ಮಾಡದೆ ಇರಬಹುದು ಎಂದು ಆಪಲ್ ತಾನೇ ಬಳಕೆದಾರರಿಗೆ ತಿಳಿಸಿದೆ. ಅದೇ ಏರ್‌ಟ್ಯಾಗನ್ನು ಆಸ್ಟ್ರೇಲಿಯಾದ ಆಫೀಸ್‌ವರ್ಕ್ಸ್ ಮಳಿಗೆಗಳು 2021ರಲ್ಲಿ, ಬಿಡುಗಡೆಯಾದ ಬೆನ್ನಿಗೇ, ಮಕ್ಕಳ ಸುರಕ್ಷತೆಯ ಆತಂಕದಿಂದ ಕಪಾಟಿನಿಂದ ಇಳಿಸಿದ್ದವು. ಎಚ್ಚರಿಕೆಯ ಗುರುತು ಸಾಲದೆಂದು ಅಮೆರಿಕದ ಆಯೋಗ 2025ರಲ್ಲಿ ಆಕ್ಷೇಪಿಸಿದಾಗ, ಕಂಪನಿ ಬ್ಯಾಟರಿ ಗೂಡಿನೊಳಗೆ ಅದನ್ನು ಮುದ್ರಿಸಿತು.

ಆನ್‌ಲೈನಿನಲ್ಲಿ ಹೊರದೇಶಗಳಿಂದ ಮಾರುವ ಅನಾಮಿಕ ಬ್ರ್ಯಾಂಡುಗಳ ಕತೆ ಬೇರೆ. ರೀಕಾಲ್‌ಗೆ ಮಾರಾಟಗಾರನ ಸಹಕಾರ ಬೇಕು. ಆತ ಉತ್ತರಿಸದಿದ್ದರೆ ಅಥವಾ ಒಪ್ಪದಿದ್ದರೆ ಆಯೋಗ ಏಕಪಕ್ಷೀಯವಾಗಿ ಎಚ್ಚರಿಕೆ ಹೊರಡಿಸಿ, ಕೊಂಡವರು ತಕ್ಷಣ ಬಳಕೆ ನಿಲ್ಲಿಸಿ ವಿಲೇವಾರಿ ಮಾಡಬೇಕೆಂದು ಹೇಳುತ್ತದೆ. ಅಂಥ ಸಂದರ್ಭದಲ್ಲಿ ಹಣ ವಾಪಸಿನ ಏರ್ಪಾಡು ಇರುವುದಿಲ್ಲ.