ಬಾಯಿಲ್ಲದ ಸಿಕಾನ್
ಬೆಲ್ಕಿಸ್ ಅಯೋನ್ (ಹವಾನಾ, 1967–1999)

ಮೊದಲು ಕಣ್ಣುಗಳನ್ನು ನೋಡಿ. ಬಾದಾಮಿಯಾಕಾರದ ಈ ಕಣ್ಣುಗಳು ನಮ್ಮನ್ನೇ ದಿಟ್ಟಿಸುತ್ತವೆ. ಬಾಯಿ ಇರಬೇಕಾದ ಕಡೆ ಏನೂ ಇಲ್ಲ.

ಇವಳು ಸಿಕಾನ್. ಆಫ್ರಿಕಾದ ಕ್ರಾಸ್ ನದಿ ಸೀಮೆಯಿಂದ ಗುಲಾಮರಾಗಿ ಬಂದವರು ಕ್ಯೂಬಾದಲ್ಲಿ ಕಟ್ಟಿಕೊಂಡ ಅಬಾಕ್ವಾ ಎಂಬ ರಹಸ್ಯ ಕೂಟಕ್ಕೆ ಗಂಡಸರಿಗಷ್ಟೇ ಪ್ರವೇಶ. ಅದರ ಮೂಲಕಥೆಯಲ್ಲಿ ನೀರಿಗೆಂದು ಹೊಳೆಗೆ ಹೋದ ಸಿಕಾನಳ ಪಾತ್ರೆಯೊಳಗೆ ಪವಿತ್ರ ಮೀನೊಂದು ಸೇರಿಕೊಳ್ಳುತ್ತದೆ. ಮೀನಿನ ದನಿ ಕೇಳಿ ಗುಟ್ಟು ತಿಳಿದ ಅವಳನ್ನು ಬಲಿಕೊಡುತ್ತಾರೆ. ಗಂಡಸರ ಈ ಕಥೆಯ ಅಂಚಿಗೆ ಸರಿದಿದ್ದ ಹೆಣ್ಣನ್ನು ಕಲಾವಿದೆ ಅಯೋನ್ ಎತ್ತಿ ನಡುಮಧ್ಯೆ ಕೂರಿಸಿದರು. 1991ರ ‘ಲಾ ಸೆನಾ’ದಲ್ಲಿ ಕೊನೆಯ ಭೋಜನದ ಮೇಜಿನೆದುರು ಕ್ರಿಸ್ತನ ಜಾಗದಲ್ಲಿರುವವಳು ಸಿಕಾನೇ. ಕ್ಯೂಬಾದ ಕಲೆಯಲ್ಲಿ ಇಷ್ಟು ಧೈರ್ಯದ ಚಿತ್ರಗಳು ವಿರಳ.

ಅಯೋನ್ 1993ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಭಾಗವಹಿಸಿದರು. 32ನೇ ವಯಸ್ಸಿನಲ್ಲಿ ತೀರಿಕೊಂಡರು. 2022ರಲ್ಲಿ ಅವರ ಚಿತ್ರಗಳು ಮತ್ತೆ ವೆನಿಸ್‌ಗೆ ಹೋದವು.

ಈ ಚಿತ್ರ ಕುಂಚದ ಕೆಲಸವಲ್ಲ, ಕೊಲೊಗ್ರಫಿ ಎಂಬ ಮುದ್ರಣಕಲೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾದಲ್ಲಿ ಅನ್ನ, ಇಂಧನ, ಕಾಗದ, ಶಾಯಿ ಎಲ್ಲಕ್ಕೂ ತತ್ವಾರ. ರಟ್ಟು ಮಾತ್ರ ಕೈಗೆ ಸಿಗುತ್ತಿತ್ತು. ಅಯೋನ್ ಅದರ ಮೇಲೆ ಕಾಗದದ ಚೂರು, ಉಪ್ಪುಕಾಗದ ಅಂಟಿಸಿ, ಶಾಯಿ ಬಳಿದು, ಒರೆಸಿ, ಅಚ್ಚುಯಂತ್ರಕ್ಕೆ ಕೊಡುತ್ತಿದ್ದರು. ಒರಟು ಮೈ ಶಾಯಿ ಹಿಡಿದು ಕಪ್ಪಾಗುತ್ತದೆ, ನುಣುಪಾದದ್ದು ಬೆಳ್ಳಗೆ ಉಳಿಯುತ್ತದೆ. ದೊಡ್ಡ ಚಿತ್ರಗಳನ್ನು ಹಲವು ಹಾಳೆ ಜೋಡಿಸಿ ಮಾಡಿದ್ದಾರೆ. ಹಾಳೆಗಳು ಕೂಡುವ ಗೆರೆ ಕಾಣುತ್ತದೆ. ಹತ್ತಿರ ಬಂದು ಸಿಕಾನಳ ಚರ್ಮವನ್ನು ಗಮನಿಸಿ: ಅದರ ತುಂಬ ಮೀನಿನ ಹುರುಪೆ, ಒಂದೊಂದನ್ನೂ ಕೈಯಲ್ಲೇ ರೂಪಿಸಿದ್ದು.